‘ಶಕ್ತಿ’ ವಾದ್ಯವೃಂದ: ಬೆರಕೆಯ ಸಂಗೀತಕ್ಕೊಂದು ಒರೆಗಲ್ಲು

೧

ಎರಡು ಬೇರೆ ಸಂಪ್ರದಾಯಗಳು ಕೂಡಿ ಹುಟ್ಟಿದ ಕೃತಿಯನ್ನು ಯಾವ ಮಾನದಿಂದ ಅಳೆಯಬೇಕೆಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರನು ಇದನ್ನು ಭಾಷೆಯ ವಿಷಯದಲ್ಲಿ ಎತ್ತಿದನು. ಸಂಸ್ಕೃತವನ್ನೂ ಕನ್ನಡವನ್ನೂ ವಿವೇಚನೆಯಿಲ್ಲದೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ಎಂಬುದು ಆತನ ಅಭಿಪ್ರಾಯ. ೧೧೧೨ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನು ತುಪ್ಪಕ್ಕೆ ಎಣ್ಣೆಯನ್ನು ಬೆರಸುವ ದೃಷ್ಟಾಂತವನ್ನು ಕೊಟ್ಟು ಇದೇ ಮಾತನ್ನು ಇನ್ನೂ ಕಟುವಾಗಿ ಹೇಳಿದನು. ಆದರೆ ಇವರಿಬ್ಬರ ಕೃತಿಗಳಲ್ಲಿಯೂ ಸಂಸ್ಕೃತ ಶಬ್ದಗಳಿಗೆ ಕೊರತೆಯಿಲ್ಲ. ಆದುದರಿಂದ ಅವರು ಆಕ್ಷೇಪಿಸಿದುದು ಬೆರೆಯದೆ ಉಳಿದ ಬೆರಕೆಯನ್ನು ಎಂದೇ ನಾವು ತಿಳಿಯಬೇಕಾಗುತ್ತದೆ. ವೈಯಾಕರಣರು ಈ ದೋಷಕ್ಕೆ ಅರಿಸಮಾಸವೆಂದು ಹೆಸರಿಟ್ಟರು. ಕೇಶಿರಾಜನು ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದಕ್ಕೆ ಎಡೆಗೊಟ್ಟನು. ನಿಯಮವು ಒಂದು ಕಡೆ, ಬಳಕೆಯಿಂದ ಪಳಗಿದ ಕಿವಿಯ ಒಪ್ಪಿಗೆ ಮತ್ತೊಂದು ಕಡೆ: ಇವೆರಡನ್ನೂ ತೂಗಿ ನೋಡುವುದೇ ನಮ್ಮ ಲಾಕ್ಷಣಿಕರ ಕ್ರಮವಾಗಿದ್ದಿತು.

ಈ ಕ್ರಮವನ್ನು ಸಂಗೀತಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ‘ಫ್ಯೂಷನ್’ ಎಂಬ ಹೆಸರಿನಲ್ಲಿ ಇಂದು ನಮ್ಮ ಕಾಲೇಜುಗಳ ಉತ್ಸವಗಳಲ್ಲಿಯೂ ನಗರದ ಸಭಾಂಗಣಗಳಲ್ಲಿಯೂ ಕೇಳಿಬರುವ ಸಂಗೀತದ ವಿಷಯದಲ್ಲಿ ಎರಡು ಬಗೆಯ ತೀರ್ಪುಗಳು ಮಾತ್ರ ಪ್ರಚಾರದಲ್ಲಿವೆ. ಶುದ್ಧಿ ಕೆಟ್ಟಿತೆಂದು ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಸಂಗೀತಕ್ಕೆ ಜಗನ್ಮಾನ್ಯತೆ ದೊರೆಯಿತೆಂದು ಇನ್ನು ಕೆಲವರು ಹಿಗ್ಗುತ್ತಾರೆ. ಎರಡೂ ಕೃತಿಯನ್ನು ಕೇಳುವ ಮೊದಲೇ ಕೊಡಬಹುದಾದ ತೀರ್ಪುಗಳಾದುದರಿಂದ ಇವನ್ನು ವಿಮರ್ಶೆಯೆಂದು ಕರೆಯಲಾರೆವು. ಸಾಮಾನ್ಯ ಮಾತಿನಲ್ಲಿ ಉಳಿಯದೆ ಒಂದು ನಿದರ್ಶನವನ್ನು ಹಿಡಿಯುವುದು ಉಚಿತ. ೧೯೭೫ರಿಂದ ೧೯೭೮ರವರೆಗೆ ಬಾಳಿ, ಮೂರು ಧ್ವನಿಮುದ್ರಿಕೆಗಳನ್ನು ಬಿಟ್ಟುಹೋದ ‘ಶಕ್ತಿ’ ಎಂಬ ವಾದ್ಯವೃಂದವನ್ನು ಅದಕ್ಕಾಗಿ ಆರಿಸಿಕೊಂಡಿದ್ದೇವೆ. ಆಗ ಅದರ ಸದಸ್ಯರೆಲ್ಲ ತರುಣರು. ಪಿಟೀಲಿನ ಎಲ್. ಶಂಕರ್ ಮತ್ತು ತಬಲದ ಜಾಕಿರ್ ಹುಸೇನ್ ಇಪ್ಪತ್ತೈದರ ಆಸುಪಾಸಿನವರು. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಮತ್ತು ಘಟದ ಟಿ. ಎಚ್. ವಿನಾಯಕರಾಂ ಮೂವತ್ತನ್ನು ಈಚೆಗೆ ದಾಟಿದ್ದವರು.

೨

ಈ ಕೂಟವು ಆಕಸ್ಮಿಕವಾಗಿ ಒದಗಿದುದಲ್ಲ. ಜಾಝ್ ಸಂಗೀತದ ಒಳಗೇ ಅದಕ್ಕೆ ಪೂರ್ವಸಿದ್ಧತೆ ನಡೆದಿದ್ದಿತು. ಅಮೆರಿಕದ ಕಪ್ಪು ಜನರ ನಡುವೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೂಪುಗೊಂಡ ಈ ಸಂಗೀತವು ಸ್ವತಃ ಹಲವು ಧಾರೆಗಳ ಕೂಡಲು. ೧೯೪೦ರ ದಶಕದಲ್ಲಿ ಅದರ ಸ್ವರಮೇಳನದ ಕ್ರಮ, ಎಂದರೆ ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿ ಒಂದು ಗುಚ್ಛದಿಂದ ಮತ್ತೊಂದಕ್ಕೆ ಸಾಗುವ ನಡೆ, ಬಹಳ ಜಟಿಲವಾಯಿತು. ಆ ಜಟಿಲತೆಯಿಂದ ಬಿಡಿಸಿಕೊಳ್ಳುವ ಮಾರ್ಗವಾಗಿ ಮೈಲ್ಸ್ ಡೇವಿಸ್ ೧೯೫೯ರ ‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯಲ್ಲಿ ಗುಚ್ಛಗಳ ಓಟವನ್ನು ತಗ್ಗಿಸಿ, ಒಂದೇ ಸ್ವರಶ್ರೇಣಿಯ ಮೇಲೆ ನಿಂತು ವಿಸ್ತರಿಸುವ ಪದ್ಧತಿಯನ್ನು ಮುಂದಿಟ್ಟರು. ಆ ಮುದ್ರಿಕೆಯಲ್ಲಿ ಅವರೊಡನೆ ನುಡಿಸಿದ ಜಾನ್ ಕೋಲ್ಟ್ರೇನ್ ೧೯೬೧ರಲ್ಲಿ ‘ಇಂಡಿಯಾ’ ಎಂಬ ಹೆಸರಿನ ರಚನೆಯನ್ನೇ ನುಡಿಸಿದರು. ಒಂದು ಆಧಾರಸ್ವರ, ಒಂದು ಶ್ರೇಣಿ, ಅದರ ಮೇಲೆ ಮನೋಧರ್ಮದ ವಿಸ್ತಾರ: ಜಾಝ್ ತನ್ನ ಕಾಲಿನಿಂದಲೇ ನಡೆದು ನಮ್ಮ ಹೊಸ್ತಿಲಿನ ಸಮೀಪಕ್ಕೆ ಬಂದಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲಂಡನ್ನಿನಲ್ಲಿ ಕಲ್ಕತ್ತೆಯವರಾದ ಜಾನ್ ಮೇಯರ್ ಮತ್ತು ಜಮೈಕಾದವರಾದ ಜೋ ಹ್ಯಾರಿಯಟ್ ೧೯೬೬ರ ಸುಮಾರಿಗೆ ಇಂಡೋ-ಜಾಝ್ ಪ್ರಯೋಗಗಳನ್ನು ನಡೆಸಿದುದನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಭಾರತೀಯ ವಾದಕರ ಪಂಚಕವೊಂದು, ಜಾಝ್ ವಾದಕರ ಪಂಚಕವೊಂದು ಎದುರುಬದುರಾಗಿ ನಿಂತವು. ಆ ವಿನ್ಯಾಸವೇ ಅದರ ಮಿತಿಯನ್ನು ಸೂಚಿಸುತ್ತದೆ.

ನಮ್ಮ ಕಡೆಯಲ್ಲಿಯೂ ಬೆರಕೆ ಹೊಸದಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಇಂದು ಅನಿವಾರ್ಯವಾಗಿರುವ ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಪಳಗಿಸಿದರು. ಮುತ್ತುಸ್ವಾಮಿ ದೀಕ್ಷಿತರೇ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿದುದು ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ. ಈ ಎರಡು ನಿದರ್ಶನಗಳ ನಡುವೆ ಒಂದು ವ್ಯತ್ಯಾಸವುಂಟು. ನೋಟ್ಟುಸ್ವರಗಳು ದೀಕ್ಷಿತರ ಕೃತಿರಾಶಿಯ ಅಂಚಿನಲ್ಲಿಯೇ ನಿಂತವು. ಪಿಟೀಲು ಸಂಪ್ರದಾಯದ ನಡುಮನೆಯನ್ನು ಸೇರಿತು. ಪಿಟೀಲು ಗಮಕವನ್ನು ಕಲಿತದ್ದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಹೊರಗಿನಿಂದ ಬಂದದ್ದು ಒಳಗಿನ ನಿಯಮಕ್ಕೆ ತನ್ನ ದೇಹವನ್ನು ಬಗ್ಗಿಸಿದಾಗ ಬೆರಕೆ ನಿಲ್ಲುತ್ತದೆ.

೩

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ೧೯೪೨ರಲ್ಲಿ ಜನಿಸಿದ ಮೆಕ್‌ಲಾಫ್ಲಿನ್ ೧೯೬೯ರಲ್ಲಿ ಮೈಲ್ಸ್ ಡೇವಿಸರ ಮುದ್ರಿಕೆಗಳಲ್ಲಿ ನುಡಿಸಿ ಹೆಸರಾದವರು. ೧೯೭೧ರಲ್ಲಿ ಅವರು ಕಟ್ಟಿದ ‘ಮಹಾವಿಷ್ಣು ಆರ್ಕೆಸ್ಟ್ರಾ’ ವಿದ್ಯುತ್ ಗಿಟಾರಿನ ಭೋರ್ಗರೆತಕ್ಕೂ ವಿಷಮ ಲಯಗಳಿಗೂ ಪ್ರಸಿದ್ಧವಾಯಿತು. ಹೆಸರು ಭಾರತದ್ದಾದರೂ ಆ ಸಂಗೀತದ ಮೈಕಟ್ಟು ಪಶ್ಚಿಮದ್ದೇ. ಅವರ ಮಾರ್ಗವನ್ನು ಬದಲಿಸಿದುದು ಒಂದು ವಿದ್ಯಾಸಂಸ್ಥೆಯೆಂಬುದು ನಮ್ಮ ಓದುಗರಿಗೆ ವಿಶೇಷವಾಗಿ ಗಮನಾರ್ಹ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಕರ್ನಾಟಕ ಸಂಗೀತದ ಬೋಧನೆ ನಡೆಯುತ್ತಿದ್ದಿತು. ಮೆಕ್‌ಲಾಫ್ಲಿನ್ ಅಲ್ಲಿ ವೀಣೆಯನ್ನು ಅಭ್ಯಸಿಸಿದರು. ಎಲ್. ಶಂಕರ್ ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ವೃಂದದ ಮೊದಲ ಮುದ್ರಿಕೆಯಲ್ಲಿ ಮೃದಂಗ ನುಡಿಸಿದ ರಾಮನಾಡ್ ವಿ. ರಾಘವನ್ ಅಲ್ಲಿಯ ಅಧ್ಯಾಪಕರು. ‘ಶಕ್ತಿ’ಯ ಬೇರು ನೆಟ್ಟದ್ದು ಗುರುಶಿಷ್ಯರ ಪಾಠದಲ್ಲಿ. ಅದನ್ನು ಇತರ ಅನೇಕ ಕೂಟಗಳಿಂದ ಬೇರ್ಪಡಿಸುವ ಮೊದಲ ಲಕ್ಷಣ ಇದೇ.

ಬೆರಕೆಯ ಕಲೆಯನ್ನು ಪರೀಕ್ಷಿಸುವಾಗ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ: ಕೂಡಿದವರಲ್ಲಿ ಪ್ರತಿಯೊಬ್ಬರೂ ಏನನ್ನು ತ್ಯಜಿಸಿದರು? ತಂದದ್ದನ್ನು ಎಣಿಸುವುದು ಸುಲಭ. ಬಿಟ್ಟದ್ದನ್ನು ಎಣಿಸಿದರೆ ಪ್ರಯತ್ನದ ಆಳ ತಿಳಿಯುತ್ತದೆ. ಮೆಕ್‌ಲಾಫ್ಲಿನ್ ವಿದ್ಯುತ್ ಗಿಟಾರನ್ನೂ, ಡ್ರಮ್ಮುಗಳನ್ನೂ, ಕೀಲಿಮಣೆಯ ವಾದ್ಯಗಳನ್ನೂ ಬಿಟ್ಟರು. ಜಾಝಿನ ಬೆನ್ನೆಲುಬಾದ ಸ್ವರಗುಚ್ಛಗಳ ಓಟವನ್ನು ಬಹುಮಟ್ಟಿಗೆ ಬಿಟ್ಟರು. ಅವರ ವಾದ್ಯವೂ ಬದಲಾಯಿತು. ಗಿಟಾರಿನ ಮೆಟ್ಟಿಲುಗಳು ಸಮವಿಭಾಗದ ಶ್ರುತಿಗೆ ಬಿಗಿದಿರುವುದರಿಂದ ಅದರಲ್ಲಿ ಗಮಕಕ್ಕೆ ಎಡೆ ಕಡಮೆ. ಏಬ್ರಹಾಂ ವೆಕ್ಟರ್ ಎಂಬ ಕುಶಲಿ ಅವರಿಗಾಗಿ ನಿರ್ಮಿಸಿದ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಣ ಮರವನ್ನು ತೋಡಿ ತಗ್ಗು ಮಾಡಲಾಗಿದ್ದಿತು. ಆದುದರಿಂದ ವೀಣೆಯಲ್ಲಿ ಎಳೆಯುವಂತೆ ತಂತಿಯನ್ನು ಎಳೆದು, ಒತ್ತಿ, ಸ್ವರವನ್ನು ಬಳುಕಿಸುವುದು ಸಾಧ್ಯವಾಯಿತು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಏಳು ಅನುರಣನದ ತಂತಿಗಳನ್ನು ಕಟ್ಟಿ, ಶ್ರುತಿಯ ಆಧಾರವನ್ನು ವಾದ್ಯದಲ್ಲಿಯೇ ಅಡಗಿಸಲಾಯಿತು. ಚೌಡಯ್ಯನವರ ಪಿಟೀಲಿಗೂ ಈ ಗಿಟಾರಿಗೂ ತಂತಿಯ ಸಂಖ್ಯೆಯಲ್ಲಿ ಮಾತ್ರ ಹೋಲಿಕೆಯೆಂದು ತಿಳಿಯಬಾರದು. ಸಂಗೀತದ ಅಗತ್ಯಕ್ಕಾಗಿ ಕುಶಲಿಯ ಉಳಿ ದುಡಿದುದು ಎರಡರಲ್ಲಿಯೂ ಸಮಾನ.

ಭಾರತೀಯ ವಾದಕರು ಬಿಟ್ಟದ್ದೇನು? ಸಾಹಿತ್ಯವನ್ನು ಬಿಟ್ಟರು, ರಾಗಕ್ರಮದ ನಿಧಾನವಾದ ಅನಾವರಣವನ್ನು ಬಹಳಷ್ಟು ಮೊಟಕುಗೊಳಿಸಿದರು. ಇನ್ನೊಂದು ತ್ಯಾಗವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ತಬಲ ಹಿಂದೂಸ್ಥಾನಿಯದು, ಘಟ ಕರ್ನಾಟಕದ್ದು. ಅಲ್ಲಾರಖಾರ ಮಗನಾಗಿ ಬೆಳೆದ ಜಾಕಿರರ ಠೇಕಾ, ತಂದೆ ಹರಿಹರಶರ್ಮರಿಂದ ಕಲಿತ ವಿನಾಯಕರಾಂ ಅವರ ಸೊಲ್ಲುಕಟ್ಟು, ಇವೆರಡೂ ಬೇರೆ ಬೇರೆ ವ್ಯಾಕರಣಗಳು. ಉತ್ತರದ ತಾಳಕ್ಕೆ ಠೇಕಾ ಎಂಬ ನಿಶ್ಚಿತ ಬೋಲಿನ ಮೈ ಇದೆ. ದಕ್ಷಿಣದಲ್ಲಿ ತಾಳವನ್ನು ಕೈ ಎಣಿಸುತ್ತದೆ; ಮೃದಂಗವೂ ಘಟವೂ ಹಾಡಿನ ನಡೆಯನ್ನು ಅನುಸರಿಸುತ್ತವೆ. ಪೂರ್ವ ಪಶ್ಚಿಮಗಳ ಕೂಟವೆಂದು ಹೊಗಳಿಸಿಕೊಂಡ ಈ ವೃಂದವು ವಾಸ್ತವವಾಗಿ ಉತ್ತರ ದಕ್ಷಿಣಗಳ ಕೂಟವೂ ಆಗಿದ್ದಿತು. ಈ ಎರಡನೆಯ ಕೂಟ ಮೊದಲನೆಯದಕ್ಕಿಂತ ಸುಲಭವಾಗಿರಲಿಲ್ಲ.

೪

ಎರಡನೆಯ ಪ್ರಶ್ನೆ: ಇಬ್ಬರಲ್ಲಿ ಯಾರೊಬ್ಬರ ಮನೆಯಲ್ಲಿಯೂ ಪೂರ್ಣವಾಗಿ ಇರದಿದ್ದ ಒಂದು ನಿಯಮವು ಕೃತಿಯಲ್ಲಿ ಹುಟ್ಟಿದೆಯೆ? ‘ಶಕ್ತಿ’ಯ ಮಟ್ಟಿಗೆ ಇದಕ್ಕೆ ಉತ್ತರವನ್ನು ಲಯದಲ್ಲಿ ಹುಡುಕಬೇಕು.

ಜಾಝ್ ಮತ್ತು ಕರ್ನಾಟಕ ಸಂಗೀತಗಳ ನಡುವಣ ನಿಜವಾದ ಸಾಮ್ಯ ಸ್ವರದಲ್ಲಿಲ್ಲ, ಆವರ್ತದಲ್ಲಿದೆ. ಜಾಝ್ ವಾದಕನು ಹನ್ನೆರಡು ಅಥವಾ ಮೂವತ್ತೆರಡು ಅಳತೆಗಳ ಒಂದು ಸುತ್ತನ್ನು ಹಿಡಿದು, ಅದರ ಮೇಲೆ ಮತ್ತೆ ಮತ್ತೆ ಕಲ್ಪನೆಯನ್ನು ಹೆಣೆದು ಆರಂಭಕ್ಕೆ ಮರಳುತ್ತಾನೆ. ನಮ್ಮ ವಾದಕನು ತಾಳದ ಆವರ್ತವನ್ನು ಹಿಡಿದು ಎಡುಪಿಗೆ ಮರಳುತ್ತಾನೆ. ಜಾಝಿನಲ್ಲಿ ನಾಲ್ಕು ನಾಲ್ಕು ಅಳತೆಗಳಂತೆ ವಾದಕರು ಒಬ್ಬರಿಂದೊಬ್ಬರು ಸರದಿ ಪಡೆದು ನುಡಿಸುವ ವಾಡಿಕೆಯುಂಟು. ತನಿ ಆವರ್ತನದಲ್ಲಿ ಲಯವಾದಕರಿಬ್ಬರು ಆವರ್ತಗಳನ್ನು ಕ್ರಮವಾಗಿ ಕಿರಿದುಗೊಳಿಸುತ್ತ ಪ್ರಶ್ನೋತ್ತರ ನಡೆಸಿ, ಕಡೆಗೆ ಒಟ್ಟಾಗಿ ಮೂರು ಬಾರಿಯ ಮುಕ್ತಾಯಕ್ಕೆ ಬರುತ್ತಾರೆ. ‘ಶಕ್ತಿ’ ಈ ಎರಡು ವಾಡಿಕೆಗಳನ್ನು ಒಂದಾಗಿ ಬೆಸೆಯಿತು. ತನಿ ಆವರ್ತನದಲ್ಲಿ ಲಯವಾದ್ಯಗಳಿಗೆ ಮೀಸಲಾದ ಈ ಕಿರಿದುಗೊಳಿಸುವ ಸಂವಾದ ಇಲ್ಲಿ ಗಿಟಾರು ಪಿಟೀಲುಗಳಿಗೆ ಬಂದಿತು. ಜಾಝಿನಲ್ಲಿ ಸರದಿಯ ವಿನೋದವಾಗಿದ್ದುದು ಇಲ್ಲಿ ಗಣಿತದ ಅಂತ್ಯವನ್ನು ಪಡೆಯಿತು. ೧೯೭೫ರ ಜುಲೈ ೫ರಂದು ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ ಕಾಲೇಜಿನ ಕಛೇರಿಯಲ್ಲಿ ಮುದ್ರಿತವಾದ ‘ಜಾಯ್’ ಎಂಬ ಹದಿನೆಂಟು ನಿಮಿಷಗಳ ರಚನೆಯನ್ನು ಕೇಳಿದವರಿಗೆ ಈ ಮಾತು ಮನವರಿಕೆಯಾಗುವುದು. ಇಬ್ಬರೂ ಒಂದೇ ಉಸಿರಿನಲ್ಲಿ ಸೇರುವ ದೀರ್ಘ ಸ್ವರಪಂಕ್ತಿಗಳಲ್ಲಿ ಎಲ್ಲಿಯೂ ಅರಿಸಮಾಸ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ವೃಂದದಲ್ಲಿ ಮಂದ್ರದ ತಂತಿವಾದ್ಯವಿಲ್ಲ. ಜಾಝ್ ಕೂಟದಲ್ಲಿ ಅದಿಲ್ಲದೆ ನೆಲವೇ ಇಲ್ಲದಂತೆ ಭಾಸವಾಗಬೇಕು. ಆದರೆ ಜಾಕಿರರ ಎಡಗೈ ಬಾಯಾದ ಮೇಲೆ ಒತ್ತಿ ಜಾರಿಸುವ ನಾದವು ಆ ನೆಲವನ್ನು ಒದಗಿಸುತ್ತದೆ. ಘಟದ ಗಡಸು ಮೊಳಗು ಅದಕ್ಕೆ ಅಂಚು ಕಟ್ಟುತ್ತದೆ. ಲಯವಾದ್ಯವೇ ಆಧಾರಸ್ವರದ ಕೆಲಸವನ್ನು ಹೊತ್ತದ್ದು ಈ ಕೂಟದಿಂದ ದೊರೆತ ಹೊಸ ಲಾಭ. ೧೯೭೬ರಲ್ಲಿ ಲಂಡನ್ನಿನಲ್ಲಿ ಮುದ್ರಿತವಾದ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ಯ ಮೊದಲ ರಚನೆ ಕೊನ್ನಕೋಲಿನಿಂದಲೇ ಆರಂಭವಾಗುತ್ತದೆ. ನಮ್ಮಲ್ಲಿ ಕಛೇರಿಯ ಅಂಚಿಗೆ ಸರಿದಿದ್ದ ಒಂದು ವಿದ್ಯೆ ಪರದೇಶದ ಮುದ್ರಿಕೆಯೊಂದರ ಬಾಗಿಲಲ್ಲಿ ನಿಂತಿತು. ಇಂದು ಪಶ್ಚಿಮದ ಜಾಝ್ ವಿದ್ಯಾರ್ಥಿಗಳು ಕೊನ್ನಕೋಲನ್ನು ಆಸಕ್ತಿಯಿಂದ ಕಲಿಯುವುದರಲ್ಲಿ ಈ ವೃಂದದ ಪಾಲು ಸಣ್ಣದಲ್ಲ.

೫

ಇಷ್ಟು ಹೇಳಿದ ಮೇಲೆ ದೋಷಗಳನ್ನು ಎತ್ತಿ ತೋರಿಸದಿದ್ದರೆ ವಿಮರ್ಶೆ ಸ್ತುತಿಪಾಠವಾದೀತು.

ಮೊದಲನೆಯದಾಗಿ, ಲಯವು ಕೂಟದ ಸಮಾನ ಭೂಮಿಯಾದುದರಿಂದ ಲಯದ ಮೇಲೆ ಮಿತಿಮೀರಿದ ಭಾರ ಬಿದ್ದಿತು. ಎರಡು ಭಾಷೆಯವರು ಕೂಡಿದಾಗ ಇಬ್ಬರಿಗೂ ತಿಳಿದ ಕೆಲವೇ ಪದಗಳನ್ನು ಗಟ್ಟಿಯಾಗಿ, ಬೇಗಬೇಗನೆ ಹೇಳುವುದುಂಟು. ‘ಶಕ್ತಿ’ಯ ದ್ರುತಗತಿಯಲ್ಲಿ ಅನೇಕ ಸಲ ಈ ಸಂಶಯ ಸುಳಿಯುತ್ತದೆ. ವೇಗವು ಭಾವದ ಪರಿಣಾಮವಾಗಿ ಬಂದಾಗ ಭೂಷಣ. ಭಾವದ ಬದಲಿಗೆ ಬಂದಾಗ ಕಸರತ್ತು.

ಎರಡನೆಯದಾಗಿ, ರಾಗದ ಪ್ರಶ್ನೆ. ರಾಗವೆಂದರೆ ಆರೋಹಣಾವರೋಹಣಗಳ ಪಟ್ಟಿಯಲ್ಲ; ಸ್ವರಗಳ ನಡುವಣ ದಾರಿ, ನಿಲುಗಡೆ, ಪುನರುಕ್ತಿ, ಸಂಚಾರಗಳಿಂದ ಮೂಡುವ ವ್ಯಕ್ತಿತ್ವ. ಶಂಕರರ ಕಮಾನಿನಲ್ಲಿ ಈ ವ್ಯಕ್ತಿತ್ವ ಅಖಂಡವಾಗಿ ಕೇಳಿಬರುತ್ತದೆ. ಅದೇ ಎಳೆಯನ್ನು ಗಿಟಾರು ಕೈಗೆತ್ತಿಕೊಂಡು ದ್ರುತದಲ್ಲಿ ಓಡಿದಾಗ ಸ್ವರಶ್ರೇಣಿ ಉಳಿಯುತ್ತದೆ, ರಾಗ ಮಸುಕಾಗುತ್ತದೆ. ಮರವನ್ನು ತೋಡಿದ ಶ್ರಮದ ಫಲ ವಿಳಂಬದಲ್ಲಿ ಮಾತ್ರ ಪೂರ್ತಿ ದೊರೆಯುತ್ತದೆ. ಆದುದರಿಂದಲೇ ಮೊದಲ ಮುದ್ರಿಕೆಯ ನಡುವೆ ಬರುವ, ಐದು ನಿಮಿಷವನ್ನೂ ಮುಟ್ಟದ ‘ಲೋಟಸ್ ಫೀಟ್’ ಎಂಬ ಕಿರುರಚನೆಯನ್ನು ಅದರ ಎರಡು ದೀರ್ಘ ರಚನೆಗಳಿಗಿಂತ ನಾವು ಹೆಚ್ಚಾಗಿ ಮೆಚ್ಚುತ್ತೇವೆ. ಅಲ್ಲಿ ಯಾರೂ ಯಾರನ್ನೂ ಗೆಲ್ಲಬೇಕಾಗಿಲ್ಲ.

ಮೂರನೆಯದಾಗಿ, ಜಾಝಿನ ಪಕ್ಷದಿಂದಲೂ ಒಂದು ಆಕ್ಷೇಪವನ್ನು ಒಪ್ಪಬೇಕು. ಕಾಲವನ್ನು ಅಸಮವಾಗಿ ತೂಗುತ್ತ, ಪೆಟ್ಟಿಗೆ ತುಸು ಹಿಂದೆ ಉಳಿದು ಲಾಸ್ಯವನ್ನು ತರುವ ಸ್ವಿಂಗ್ ಎಂಬ ನಡೆ ಜಾಝಿನ ಜೀವ. ನಮ್ಮ ಲಯದ ಕರಾರುವಾಕ್ಕಾದ ವಿಭಜನೆಯ ಮುಂದೆ ಅದು ಇಲ್ಲಿ ಬಹುತೇಕ ಮಾಯವಾಯಿತು. ೧೯೭೭ರ ‘ನ್ಯಾಚುರಲ್ ಎಲಿಮೆಂಟ್ಸ್’ ಎಂಬ ಮೂರನೆಯ ಮುದ್ರಿಕೆಯಲ್ಲಿ ಸ್ವರಗುಚ್ಛಗಳನ್ನು ಮರಳಿ ಕರೆತರುವ ಪ್ರಯತ್ನವಿದೆ. ಮೊದಲ ಮುದ್ರಿಕೆಯಲ್ಲಿ ಮೂರೇ ರಚನೆಗಳಿದ್ದರೆ ಇದರಲ್ಲಿ ಎಂಟಿವೆ. ಸುಭಗವಾಗಿವೆ, ಆದರೆ ವಿಸ್ತಾರಕ್ಕೆ ಕಾಲವಿಲ್ಲದುದರಿಂದ ಕೂಟವು ತಾನು ಕಂಡುಕೊಂಡ ನಿಯಮವನ್ನೇ ಸಡಿಲಿಸಿತೆಂದು ತೋರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಕೊರತೆ ಮಾತಿನದು. ಕರ್ನಾಟಕ ಸಂಗೀತದಲ್ಲಿ ವಾದ್ಯವೂ ಸಾಹಿತ್ಯವನ್ನು ಮನಸ್ಸಿನಲ್ಲಿ ಉಚ್ಚರಿಸಿಕೊಂಡೇ ನುಡಿಯುತ್ತದೆ. ಬಲ್ಲ ಶ್ರೋತೃವಿಗೆ ಪಿಟೀಲಿನ ಎಳೆಯಲ್ಲಿ ಕೃತಿಯ ಶಬ್ದ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂಬುದು ಕೇಳಿಸುತ್ತದೆ. ‘ಶಕ್ತಿ’ಯ ಪಿಟೀಲಿಗೆ ನುಡಿಸಲು ರಾಗವಿದೆ, ನುಡಿಯಲು ಮಾತಿಲ್ಲ. ಮನುಷ್ಯಕಂಠವು ಒಳಗೆ ಬಂದದ್ದೂ ಕೊನ್ನಕೋಲಿನ ಮೂಲಕ, ಎಂದರೆ ಅರ್ಥವಿಲ್ಲದ ಅಕ್ಷರಗಳ ಮೂಲಕ, ಮತ್ತೆ ಲಯದ ಬಾಗಿಲಿನಿಂದಲೇ.

೬

ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಸಂಬಂಧಿಸಿದ ಮತ್ತೊಂದು ಮುದ್ರಿಕೆಯನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಟಿ. ಎ. ಎಸ್. ಮಣಿ ಅವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಾಳವಾದ್ಯಗಳ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. ಬಾಸ್ಟನ್ನಿನವರಾದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ನಾಗಸ್ವರವನ್ನೂ ಅಭ್ಯಸಿಸಿದವರು. ಅವರು ಈ ಸಂಸ್ಥೆಯ ಕಲಾವಿದರೊಡನೆ ನುಡಿಸಿದ ‘ಜ್ಯೋತಿ’ ೧೯೮೩ರಲ್ಲಿ ಜರ್ಮನಿಯಲ್ಲಿ ಮುದ್ರಿತವಾಯಿತು. ಅದರಲ್ಲಿ ಆರ್. ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್. ಎ. ರಾಜಗೋಪಾಲ್ ಅವರ ಘಟ ಮೋರ್ಚಿಂಗುಗಳು, ಟಿ. ಎನ್. ಶಶಿಕುಮಾರ್ ಅವರ ಖಂಜಿರ ಇವೆ.

ಈ ಮುದ್ರಿಕೆಯ ಮೊದಲಲ್ಲಿ ಕೇಳುವುದು ಒಂಟಿ ಕಂಠ. ಅತಿಥಿ ತಡೆದು ಬರುತ್ತಾನೆ. ಬಂದ ಮೇಲೆ ಆತನ ವಾದ್ಯವೂ ಉಸಿರಿನ ವಾದ್ಯವಾದುದರಿಂದ ಕಂಠದ ಪಕ್ಕದಲ್ಲಿ ಸಹಜವಾಗಿ ನಿಲ್ಲುತ್ತದೆ. ಮೆಟ್ಟಿಲುಗಳ ತೊಡಕಿಲ್ಲ, ಬಳುಕು ತುಟಿಯಿಂದಲೇ ಬರುತ್ತದೆ. ‘ಶಕ್ತಿ’ಯಲ್ಲಿ ನಮಗೆ ದೊರೆಯದ ಶಾಂತಿ ಇಲ್ಲಿ ಧಾರಾಳವಾಗಿ ದೊರೆಯುತ್ತದೆ. ಆದರೆ ನಮ್ಮ ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಅಷ್ಟು ನಿಶ್ಚಿತವಲ್ಲ. ಇಲ್ಲಿಯ ನಿಯಮ ಮುಖ್ಯವಾಗಿ ಆತಿಥೇಯರ ನಿಯಮ. ಅತಿಥಿ ಬಹಳ ಬಿಟ್ಟುಕೊಟ್ಟರು. ಆತಿಥೇಯರು ತಮ್ಮ ಮನೆಯ ಕಂಬಗಳನ್ನು ಕದಲಿಸಲಿಲ್ಲ. ರಸದ ದೃಷ್ಟಿಯಿಂದ ‘ಜ್ಯೋತಿ’ ಹೆಚ್ಚು ಸಮವಾದ ಕೃತಿ. ಕೂಟದ ಪ್ರಯೋಗವೆಂಬ ದೃಷ್ಟಿಯಿಂದ ‘ಶಕ್ತಿ’ ಹೆಚ್ಚು ಸಾಹಸದ್ದು, ಆದುದರಿಂದಲೇ ಹೆಚ್ಚು ಎಡವಿದ್ದು. ಇವೆರಡರಲ್ಲಿ ಒಂದನ್ನು ಮೇಲೆಂದು ಸಾರುವುದಕ್ಕಿಂತ, ಒಂದರ ಗುಣವು ಮತ್ತೊಂದರ ಮಿತಿಯನ್ನು ಹೇಗೆ ಬೆಳಗುತ್ತದೆಂಬುದನ್ನು ಗ್ರಹಿಸುವುದು ವಿದ್ಯಾರ್ಥಿಗೆ ಹೆಚ್ಚು ಪ್ರಯೋಜನಕರ.

೭

‘ಶಕ್ತಿ’ಯ ಮುಂದಿನ ಚರಿತ್ರೆಯು ನಮ್ಮ ವಿಶ್ಲೇಷಣೆಗೆ ಒಂದು ಸಮರ್ಥನೆಯನ್ನು ಒದಗಿಸುತ್ತದೆ. ೧೯೭೮ರಲ್ಲಿ ಚದರಿದ ವೃಂದವು ೧೯೯೭ರಲ್ಲಿ ‘ರಿಮೆಂಬರ್ ಶಕ್ತಿ’ ಎಂಬ ಹೆಸರಿನಿಂದ ಮತ್ತೆ ಕೂಡಿತು. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಆ ಬಳಿಕ ಯು. ಶ್ರೀನಿವಾಸ್ ಅವರ ಮ್ಯಾಂಡೋಲಿನ್ ಅದನ್ನು ಸೇರಿದವು. ವಿನಾಯಕರಾಂ ಅವರ ಸ್ಥಾನಕ್ಕೆ ಮಗ ಸೆಲ್ವಗಣೇಶ್ ಬಂದರು. ಕಡೆಗೆ ಶಂಕರ್ ಮಹಾದೇವನ್ ಅವರ ಗಾಯನವೂ ಕೂಡಿತು. ಮೊದಲ ವೃಂದದಲ್ಲಿ ಇಲ್ಲದಿದ್ದ ಕಂಠವನ್ನು ಎರಡನೆಯದು ತಾನಾಗಿಯೇ ಹುಡುಕಿಕೊಂಡಿತು. ೨೦೨೩ರ ‘ದಿಸ್ ಮೊಮೆಂಟ್’ ಮುದ್ರಿಕೆಗೆ ೨೦೨೪ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಡಿಸೆಂಬರ್ ೧೫ರಂದು ಜಾಕಿರ್ ಹುಸೇನ್ ನಿಧನರಾದರು. ಆ ಪ್ರಶಸ್ತಿಯ ಸುದ್ದಿಯನ್ನು ನಮ್ಮಲ್ಲಿ ಬಹಳ ಮಂದಿ ಓದಿದರು. ಆದರೆ ೧೯೭೫ರ ಮುದ್ರಿಕೆಯನ್ನು ತಾಳ ಹಾಕಿಕೊಂಡು, ಕುಳಿತು ಕೇಳಿದವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ನಾವು ವ್ಯಂಗ್ಯಕ್ಕಾಗಿ ಎತ್ತಿಲ್ಲ. ಗಿಟಾರನ್ನೂ ಮೃದಂಗವನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವ ವಿದ್ಯಾರ್ಥಿಗಳು ಇಂದು ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಅವರ ಮುಂದೆ ಶುದ್ಧಿಯ ಭಯವನ್ನಾಗಲಿ ಮಾನ್ಯತೆಯ ಆಮಿಷವನ್ನಾಗಲಿ ಇಡುವುದು ಅಧ್ಯಾಪಕರ ಕೆಲಸವಲ್ಲ. ಏನನ್ನು ಬಿಟ್ಟಿರಿ, ಯಾವ ಹೊಸ ನಿಯಮವನ್ನು ಕಂಡಿರಿ ಎಂದು ಕೇಳಿದರೆ ಸಾಕು. ಹಲವು ದೇಶಗಳ ಸಂಗೀತವನ್ನು ಒಂದೊಂದು ಚಿಟಿಕೆಯಂತೆ ಉದುರಿಸಿದ ರಚನೆ ಮೊದಲನೆಯ ಪ್ರಶ್ನೆಗೇ ಮೂಕವಾಗುತ್ತದೆ. ವರ್ಷಗಟ್ಟಲೆ ಮತ್ತೊಂದು ಮನೆಯ ಪಾಠವನ್ನು ಹೇಳಿಸಿಕೊಂಡು ಬಂದ ರಚನೆ, ಎಡವಿದರೂ, ಉತ್ತರ ಕೊಡುತ್ತದೆ. ‘ಶಕ್ತಿ’ಯ ಮೂರು ಮುದ್ರಿಕೆಗಳು ಸಿದ್ಧಕಾವ್ಯಗಳಲ್ಲ. ಹಾಲು ಎಲ್ಲಿ ಒಡೆಯಲಿಲ್ಲ, ಎಲ್ಲಿ ಒಡೆಯಿತು ಎಂಬುದನ್ನು ಕಿವಿಯಿಂದಲೇ ಗುರುತಿಸಲು ಕಲಿಸುವ ಲಕ್ಷ್ಯಗ್ರಂಥಗಳೆಂದು ಅವುಗಳನ್ನು ಪರಿಗಣಿಸಬಹುದು. ಬೆಂಗಳೂರಿನ ತಾಳವಾದಕರು ವಿದೇಶೀಯರೊಡನೆ ನುಡಿಸಿದ ಮುದ್ರಿಕೆಗಳ ಅಧ್ಯಯನವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಂಡರೆ, ಕನ್ನಡದ ಸಂಗೀತವಿಮರ್ಶೆಗೆ ಇಲ್ಲಿಂದ ಮುಂದಿನ ಹೆಜ್ಜೆ ದೊರೆತೀತು.